ಒಂದು ಪಂದ್ಯವನ್ನೂ ಆರಂಭಿಸದ ಬ್ರೂಸ್ ಸಟರ್ ಶ್ರೇಷ್ಠರಾದದ್ದು ಹೇಗೆ?

ಬೇಸ್‌ಬಾಲ್ ಮಾತು ಬಂದಾಗಲೆಲ್ಲ ಕ್ರಿಕೆಟ್ ಬಲ್ಲ ಸ್ನೇಹಿತರು ನನ್ನನ್ನು ಕೇಳುವುದು ಇದನ್ನೇ: ಒಂಬತ್ತು ಇನಿಂಗ್ಸ್‌ಗಳ ಪಂದ್ಯ ಮುಕ್ಕಾಲು ಪಾಲು ಮುಗಿದ ಮೇಲೆ ಬಂದು, ಒಂದೆರಡು ಇನಿಂಗ್ಸ್ ಚೆಂಡೆಸೆದು ಹೋಗುವ ರಿಲೀಫ್ ಪಿಚರ್ ಅದು ಹೇಗೆ ಮಹಾನ್ ಆಟಗಾರನಾಗುತ್ತಾನೆ? 2022ರ ಅಕ್ಟೋಬರ್ 13ರಂದು, 69ನೆಯ ವಯಸ್ಸಿನಲ್ಲಿ ಬ್ರೂಸ್ ಸಟರ್ ತೀರಿಕೊಂಡ ಮೇಲಂತೂ ನಾನು ಅವರನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಹನ್ನೆರಡು ಋತುಗಳಲ್ಲಿ 661 ಪಂದ್ಯಗಳನ್ನಾಡಿದ ಸಟರ್, ಅವುಗಳಲ್ಲಿ ಒಂದನ್ನೂ ಆರಂಭಿಸಿದವರಲ್ಲ.

ಡೆತ್ ಓವರುಗಳಿಗೆಂದು ಮೀಸಲಿಟ್ಟ ಬೌಲರನನ್ನು ನಾಯಕ ಮೊದಲೇ ಒಂದು ಓವರ್ ಎಸೆಯಿಸಿ ನೋಡಬಹುದು. ಬೇಸ್‌ಬಾಲ್‌ನಲ್ಲಿ ಆ ಅನುಕೂಲವಿಲ್ಲ, ಏಕೆಂದರೆ ಒಮ್ಮೆ ಹೊರನಡೆದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಆದ್ದರಿಂದ ತನ್ನ ಅತ್ಯುತ್ತಮ ರಿಲೀಫ್ ಪಿಚರನನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂಬ ತೀರ್ಮಾನದ ಮೇಲೆಯೇ ಮ್ಯಾನೇಜರನ ಆ ದಿನದ ಗೆಲುವು ನಿಂತಿರುತ್ತದೆ.

ಸಟರ್ ಆ ಮಟ್ಟಕ್ಕೆ ಏರಿದ್ದು ಗಾಯದಿಂದಾಗಿ ಎನ್ನಬೇಕು. ಶಿಕಾಗೊ ಕಬ್ಸ್ ತಂಡದ ಕೆಳಹಂತದ ಲೀಗಿನಲ್ಲಿದ್ದಾಗಲೇ ಮೊಣಕೈ ಕೆಟ್ಟು, ಕೆಲಸ ಹೋದೀತೆಂಬ ಭಯಕ್ಕೆ ತಂಡಕ್ಕೆ ತಿಳಿಸದೆ, ಸ್ವಂತ ಹಣದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಚೇತರಿಸಿಕೊಂಡು ಬಂದಾಗ ಹಳೆಯ ವೇಗ ಉಳಿದಿರಲಿಲ್ಲ. 1973ರಲ್ಲಿ ತರಬೇತುದಾರ ಫ್ರೆಡ್ ಮಾರ್ಟಿನ್ ಅವರಿಗೆ ಹೊಸದೊಂದು ಹಿಡಿತ ಕಲಿಸಿದರು: ತೋರುಬೆರಳು ಮತ್ತು ನಡುಬೆರಳುಗಳನ್ನು ಅಗಲಿಸಿ, ಚೆಂಡನ್ನು ಅವುಗಳ ನಡುವೆ ಸಿಕ್ಕಿಸಿ, ಕೈಯನ್ನು ಮಾತ್ರ ವೇಗದ ಎಸೆತಕ್ಕೆ ಬೀಸಿದಂತೆಯೇ ಬೀಸುವುದು. ಹಾಗೆ ಹೊರಟ ಚೆಂಡು ಕಡಿಮೆ ತಿರುಗುತ್ತದೆ. ಬ್ಯಾಟರನಿಗೆ ಸೊಂಟದೆತ್ತರಕ್ಕೆ ನೇರ ಬರುತ್ತಿರುವಂತೆ ಕಂಡದ್ದು, ಅವನು ಬ್ಯಾಟ್ ಬೀಸುವಷ್ಟರಲ್ಲಿ ಥಟ್ಟನೆ ಕೆಳಗಿಳಿದುಬಿಡುತ್ತದೆ. ಇದೇ ಸ್ಪ್ಲಿಟ್-ಫಿಂಗರ್ ಎಸೆತ. ಇದರ ಬಲದಿಂದ ಅವರು 1979ರಲ್ಲಿ, ವರ್ಷದ ಶ್ರೇಷ್ಠ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು.

ಅವರ 300 ಸೇವ್‌ಗಳನ್ನು, ಅಂದರೆ ತಂಡದ ಮುನ್ನಡೆಯನ್ನು ಕಾಯ್ದು ಪಂದ್ಯ ಮುಗಿಸಿಕೊಟ್ಟ ಸಂದರ್ಭಗಳನ್ನು, ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಆ ಅಂಕಿ ಅಷ್ಟೇನೂ ದೊಡ್ಡದೆನಿಸುವುದಿಲ್ಲ, ಅದನ್ನು ಗಳಿಸಿದ ರೀತಿಯೇ ದೊಡ್ಡದು. ಇಂದಿನ ಕ್ಲೋಸರ್, ಅಂದರೆ ಪಂದ್ಯ ಮುಗಿಸಲೆಂದೇ ಇರುವ ರಿಲೀಫ್ ಪಿಚರ್, ಸಾಮಾನ್ಯವಾಗಿ ಕೊನೆಯ, ಒಂಬತ್ತನೆಯ ಇನಿಂಗ್ಸ್‌ಗಷ್ಟೇ ಬರುತ್ತಾನೆ. ಸಟರ್ ಏಳನೆಯದಕ್ಕೋ ಎಂಟನೆಯದಕ್ಕೋ, ಎಷ್ಟೋ ಸಲ ಎದುರಾಳಿಗಳು ರನ್ ಗಳಿಸಲು ಸಜ್ಜಾಗಿ ಬೇಸ್‌ಗಳಲ್ಲಿ ನಿಂತಿರುವಾಗಲೇ ಬರುತ್ತಿದ್ದರು. 1984ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರವಾಗಿ 71 ಪಂದ್ಯಗಳಲ್ಲಿ 122ಕ್ಕೂ ಹೆಚ್ಚು ಇನಿಂಗ್ಸ್ ಎಸೆದು, 45 ಸೇವ್ ಪಡೆದರು. (ಅದೇ ವರ್ಷದ ಜೂನ್ 23ರಂದು ಶಿಕಾಗೊದಲ್ಲಿ ಕಬ್ಸ್‌ನ ರೈನ್ ಸ್ಯಾಂಡ್‌ಬರ್ಗ್ ಒಂಬತ್ತನೆಯ ಮತ್ತು ಹೆಚ್ಚುವರಿಯಾದ ಹತ್ತನೆಯ ಇನಿಂಗ್ಸ್‌ಗಳಲ್ಲಿ ಇವರ ಎಸೆತಗಳಿಗೇ ಸಿಕ್ಸರಿನಂಥ ಎರಡು ಹೋಮ್ ರನ್ ಬಾರಿಸಿ, ಎರಡು ಸಲವೂ ಪಂದ್ಯವನ್ನು ಸಮಕ್ಕೆ ತಂದರು. ಅಭಿಮಾನಿಗಳು ಇದನ್ನು ಮರೆಮಾಚಬಾರದು.)

ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ 1982ರ ಏಳನೆಯ, ನಿರ್ಣಾಯಕ ಪಂದ್ಯದಲ್ಲಿ ಮಿಲ್ವಾಕಿ ಬ್ರೂವರ್ಸ್ ವಿರುದ್ಧ ಕಾರ್ಡಿನಲ್ಸ್‌ಗಿದ್ದ ಮುನ್ನಡೆ 4–3, ಒಂದೇ ರನ್. ಎಂಟನೆಯ ಇನಿಂಗ್ಸ್‌ಗೆ ಕಾಲಿಟ್ಟ ಸಟರ್ ಉಳಿದ ಎರಡು ಇನಿಂಗ್ಸ್‌ಗಳನ್ನೂ ರನ್ ಕೊಡದೆ ಮುಗಿಸಿ, ಕೊನೆಗೆ ಗೋರ್ಮನ್ ಥಾಮಸ್ ಅವರನ್ನು ಸ್ಟ್ರೈಕ್‌ಔಟ್ ಮಾಡಿದರು. ಆ ಎರಡು ಇನಿಂಗ್ಸ್‌ಗಳನ್ನು ಮೊದಲ ಎರಡರ ಜೊತೆ ಸಮವಾಗಿ ತೂಗಲು ನನ್ನಿಂದಾಗದು.

ನನ್ನ ಸ್ನೇಹಿತರ ಅನುಮಾನ ಅಮೆರಿಕದ ಕ್ರೀಡಾ ಬರಹಗಾರರಿಗೂ ಇದ್ದಿತೆಂದು ತೋರುತ್ತದೆ. ಬೇಸ್‌ಬಾಲ್ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಲು ಬೇಕಾದ, ಆ ಬರಹಗಾರರ ಶೇ. 75ರಷ್ಟು ಮತ ಸಟರ್ ಅವರಿಗೆ ದೊರೆತದ್ದು ಅವರ ಹೆಸರು ಮತಕ್ಕೆ ಬಂದ ಹದಿಮೂರನೆಯ ವರ್ಷ, 2006ರಲ್ಲಿ. ಒಂದು ಪಂದ್ಯವನ್ನೂ ಆರಂಭಿಸದೆ ಅಲ್ಲಿ ಸೇರಿದ ಮೊದಲ ಪಿಚರ್ ಅವರೇ.