ಚಿಗವ್ವನ ರೇಷನ್ ರೊಕ್ಕ ಎಲ್ಲಿ ಕುಂತಿತ್ತು?

ಗುಳೇದಗುಡ್ಡದ ನಮ್ಮ ಚಿಗವ್ವನಿಗೆ 2024ರ ಬೇಸಿಗೆಯಿಂದ ಅನ್ನಭಾಗ್ಯದ ರೊಕ್ಕ ಬಂದಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಪಂಚಮಿ ಹತ್ತಿರ ಬಂದಾಗ. ಅಲ್ಲಿಯ ತನಕ ಅವರು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. "ಸರ್ಕಾರದ ರೊಕ್ಕ, ಬಂದಾಗ ಬರ್ತೈತಿ ಅಂತ ಸುಮ್ನಿದ್ದೆ ತಮ್ಮಾ" ಅಂದರು.

ಸುಮ್ಮನಿರುವಷ್ಟು ಸಣ್ಣ ರೊಕ್ಕ ಅಲ್ಲ ಅದು. ಹೆಚ್ಚುವರಿ 5 ಕೆಜಿ ಅಕ್ಕಿ ಹೊಂದಿಸಲು ಆಗದೆ, 2023ರ ಜುಲೈಯಿಂದ ಸರ್ಕಾರ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿತ್ತು. ಚಿಗವ್ವನ ಕಾರ್ಡಿನಲ್ಲಿ ನಾಲ್ಕು ಹೆಸರು. ತಿಂಗಳಿಗೆ 680. ಕಾಕಾ ಕುಣಿಮಗ್ಗದಲ್ಲಿ ಖಣ ನೇಯುತ್ತಾರೆ, ಚಿಗವ್ವ ಕಂಡಿಕೆಗೆ ನೂಲು ಸುತ್ತುತ್ತಾರೆ. ಪವರ್‌ಲೂಮ್ ಖಣ ಅಗ್ಗಕ್ಕೆ ಸಿಗುವಾಗ ಕೈಮಗ್ಗದ ಕೂಲಿ ಎಷ್ಟು ಬರುತ್ತದೆ ಎಂದು ನಾನು ಹೇಳಬೇಕಿಲ್ಲ. ಆ 680ರಲ್ಲಿ ಮನೆಗೆ ಜೋಳ ಬರುತ್ತಿತ್ತು. ರೊಟ್ಟಿ ತಿನ್ನುವ ಮನೆಗೆ ಬರೀ ಅಕ್ಕಿ ಕೊಟ್ಟರೆ ಏನು ಮಾಡಬೇಕು, ಅಲ್ವಾ?

ಓಣಿಯಲ್ಲಿ ವಿಷಯ ಎತ್ತಿದರೆ ಸಾಕು, ಒಬ್ಬೊಬ್ಬರದು ಒಂದೊಂದು ಮಾತು. ಕಾರ್ಡೇ ರದ್ದಾಗಿರಬೇಕು ಎಂದು ಒಬ್ಬರು ಹೆದರಿಸಿದರು. ಕಾರ್ಡ್ ರದ್ದಾದರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯೂ ಸಿಗುವುದಿಲ್ಲ. ಚಿಗವ್ವ ಹಿಂದಿನ ವಾರವಷ್ಟೇ ಅಕ್ಕಿ ತಂದಿದ್ದರು. ಮೂರು ತಿಂಗಳು ರೇಷನ್ ಎತ್ತದಿದ್ದರೆ ರೊಕ್ಕ ಬರುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಆ ನಿಯಮ ಇದ್ದದ್ದು ನಿಜ. ಆದರೆ ಇವರು ಒಂದು ತಿಂಗಳೂ ಬಿಟ್ಟವರಲ್ಲ. ಪಕ್ಕದ ಮನೆಯ ಅಜ್ಜಿ "ನಮಗೂ ಬಂದಿಲ್ಲವಾ" ಎಂದು ಸಮಾಧಾನ ಹೇಳಿದರು. ಅವರದು ಅಂತ್ಯೋದಯ ಕಾರ್ಡು, ಮನೆಯಲ್ಲಿ ಇಬ್ಬರೇ. ಅವರಿಗೆ ಮೊದಲಿನಿಂದಲೂ ಕಾರ್ಡಿಗೆ 35 ಕೆಜಿ ಸಿಗುತ್ತದೆ. ಮೂವರ ತನಕ ಇರುವ ಅಂತ್ಯೋದಯ ಮನೆಗಳಿಗೆ ಈ ರೊಕ್ಕ ಇರಲೇ ಇಲ್ಲ. ಅಜ್ಜಿಗೆ ಇದನ್ನು ಹೇಳಲು ಹೋಗಿ ನಾನೇ ಬೈಸಿಕೊಂಡೆ, ಆ ಕತೆ ಬೇಡ.

ರೇಷನ್ ಅಂಗಡಿಯವರು ಕೈ ಎತ್ತಿದರು. "ನಮ್ಮ ಕಡೆ ಅಕ್ಕಿ ಅಷ್ಟರೀ. ರೊಕ್ಕ ಬೆಂಗಳೂರಿಂದ ಸೀದಾ ಬ್ಯಾಂಕಿಗೆ. ಬ್ಯಾಂಕಿನ್ಯಾಗ ಕೇಳ್ರಿ."

ಬ್ಯಾಂಕಿಗೆ ಹೋದೆವು. ಅಲ್ಲಿದ್ದವರು ಪಾಸ್‌ಬುಕ್ ನೋಡಿ, ಕಂಪ್ಯೂಟರ್ ನೋಡಿ, "ಆಧಾರ್ ಲಿಂಕ್ ಆಗೈತ್ರಿ, ನಮ್ದೇನೂ ತೊಂದ್ರಿ ಇಲ್ಲ. ಆಹಾರ ಇಲಾಖ್ಯಾಗ ವಿಚಾರಿಸ್ರಿ" ಎಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಆ ಉತ್ತರ ನಮ್ಮನ್ನು ಒಂದು ಹೆಜ್ಜೆಯೂ ಮುಂದೆ ಒಯ್ಯಲಿಲ್ಲ. ಚಿಗವ್ವನಿಗೆ ಮಾತ್ರ ಅದು ಸಾಕಾಯಿತು. "ಲಿಂಕ್ ಆಗೈತಂತ, ಇನ್ನ ಬರ್ತೈತಿ ಬಿಡು" ಎಂದು ಮನೆಗೆ ಹೊರಟೇಬಿಟ್ಟರು.

ನನಗೆ ಆಗ ಹೊಳೆದದ್ದು ಇಷ್ಟೇ. ರೊಕ್ಕ ಬಂದಿಲ್ಲ ಎಂದು ನಾವು ಎಲ್ಲ ಕಡೆ ಹೇಳುತ್ತಿದ್ದೇವೆ. ಆದರೆ ಅದು ಸರ್ಕಾರದ ಕಡೆಯಿಂದ ಹೊರಟಿದೆಯೋ ಇಲ್ಲವೋ ಎಂದು ಯಾರೂ ನೋಡಿಲ್ಲ. ಹೊರಟಿಲ್ಲ ಎಂದರೆ ಆಹಾರ ಇಲಾಖೆಯ ಬಾಗಿಲು ತಟ್ಟಬೇಕು. ಹೊರಟಿದೆ ಎಂದರೆ ಅಲ್ಲಿ ಎಷ್ಟು ಸಲ ಸಾಲಿನಲ್ಲಿ ನಿಂತರೂ ಪ್ರಯೋಜನ ಇಲ್ಲ.

ಬಸ್ ಸ್ಟ್ಯಾಂಡ್ ಕಡೆಗೆ ಒಂದು ಕಂಪ್ಯೂಟರ್ ಸೆಂಟರ್ ಇದೆ. ಝೆರಾಕ್ಸ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಎಲ್ಲವೂ ಅಲ್ಲೇ. ನಡೆಸುವುದು ಒಬ್ಬ ಹುಡುಗಿ. ಮನೆಗೆ ಹೊರಟಿದ್ದ ಚಿಗವ್ವನನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ನಾನು ಕತೆ ಶುರು ಮಾಡುವ ಮೊದಲೇ ಆಕೆ ಚಿಗವ್ವನನ್ನು ಕೇಳಿದಳು: "ಯವ್ವಾ, ಗೃಹಲಕ್ಷ್ಮಿ ರೊಕ್ಕ ಬರಾಕತ್ತೈತೇನ?"

ಅದೂ ಬಂದಿರಲಿಲ್ಲ! ಆದರೆ ಗೃಹಲಕ್ಷ್ಮಿ 2000 ಊರಿಗೆಲ್ಲ ತಡವಾಗಿ ಬರುತ್ತಿದ್ದ ಕಾಲ ಅದು. ಹಾಗಾಗಿ ಮನೆಯಲ್ಲಿ ಯಾರೂ ಅದನ್ನು ಎಣಿಸಿರಲಿಲ್ಲ. ಹುಡುಗಿ ನನ್ನ ಕಡೆ ತಿರುಗಿ ಹೇಳಿದಳು, "ಒಂದು ನಿಂತಿದ್ರ ಇಲಾಖ್ಯಾಗ ನೋಡಬೇಕ್ರಿ ಅಣ್ಣಾರ. ಎರಡೂ ಒಮ್ಮೆಲೆ ನಿಂತಾವ ಅಂದ್ರ ಅದು ಬ್ಯಾಂಕಿನ ಕಡೆ ತೊಂದ್ರಿ."

ಎಂಥ ನೇರ ಪ್ರಶ್ನೆ ನೋಡಿ. ಎರಡು ಯೋಜನೆ, ಎರಡು ಇಲಾಖೆ. ಎರಡೂ ಸೇರುವುದು ಒಂದೇ ಜಾಗದಲ್ಲಿ, ಚಿಗವ್ವನ ಆಧಾರ್ ನಂಬರಿನಲ್ಲಿ. ಆಕೆ ಆಹಾರ ಇಲಾಖೆಯ ವೆಬ್‌ಸೈಟ್ ತೆರೆದು, ನೇರ ನಗದು ವರ್ಗಾವಣೆಯ ಸ್ಥಿತಿ ಎನ್ನುವಲ್ಲಿ ಕಾರ್ಡಿನ ನಂಬರ್ ಹಾಕಿದಳು. ಸರ್ವರ್ ಎರಡು ಸಲ ಮುಗ್ಗರಿಸಿ ಆಮೇಲೆ ತೆರೆಯಿತು. 680, 680, 680. ರೊಕ್ಕ ತಿಂಗಳು ತಿಂಗಳು ಹೋಗಿತ್ತು.

ಹಾಗಾದರೆ ಎಲ್ಲಿಗೆ?

ಇಲ್ಲಿ ಸ್ವಲ್ಪ ವಿವರ ಬೇಕು. ಬಹಳ ಜನ ಎಡವುವುದು ಇಲ್ಲೇ. ಒಬ್ಬರಿಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇರಬಹುದು, ನಾಲ್ಕಕ್ಕೂ ಆಧಾರ್ ಕೊಟ್ಟಿರಬಹುದು. ನಾಲ್ಕೂ ಕಡೆ "ಲಿಂಕ್ ಆಗಿದೆ" ಎಂದೇ ಹೇಳುತ್ತಾರೆ. ಆದರೆ ಆಧಾರ್ ಮೇಲೆ ಬರುವ ಸರ್ಕಾರದ ರೊಕ್ಕ ಹೋಗುವುದು ಒಂದೇ ಬ್ಯಾಂಕಿಗೆ. ಬ್ಯಾಂಕುಗಳ ನಡುವಿನ ರೊಕ್ಕದ ವ್ಯವಹಾರ ನೋಡಿಕೊಳ್ಳುವ ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಯಾವ ಬ್ಯಾಂಕಿನ ಹೆಸರು ಇದೆಯೋ ಅಲ್ಲಿಗೆ. ಕೊನೆಗೆ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರುತ್ತೇವೋ ಅದೇ ಆ ಪಟ್ಟಿಯಲ್ಲಿ ಕೂರುತ್ತದೆ. ಮೊಬೈಲ್ ನಂಬರ್ ಬೇರೆ ಕಂಪನಿಗೆ ಪೋರ್ಟ್ ಆದ ಹಾಗೆ. ಹಳೆ ಸಿಮ್ ಕೈಯಲ್ಲೇ ಇರುತ್ತದೆ, ಕರೆ ಮಾತ್ರ ಹೊಸ ಸಿಮ್‌ಗೆ.

ಯಾವ ಬ್ಯಾಂಕು ಎಂದು ನೋಡಲು ಡಿಬಿಟಿ ಕರ್ನಾಟಕ ಆ್ಯಪ್ ಇದೆ. ಆಧಾರ್ ಸೈಟಿನಲ್ಲೂ ನೋಡಬಹುದು. ಎರಡಕ್ಕೂ ಓಟಿಪಿ ಬೇಕು. ಓಟಿಪಿ ಹೋಗುವುದು ಆಧಾರ್‌ಗೆ ಕೊಟ್ಟ ಮೊಬೈಲಿಗೆ. ಚಿಗವ್ವ ಕೊಟ್ಟಿದ್ದ ನಂಬರ್ ಯಾವುದೋ ಕಾಲದ್ದು. ರೀಚಾರ್ಜ್ ಮಾಡಿಸದೆ ಆ ಸಿಮ್ ಸತ್ತು ಎಷ್ಟೋ ವರ್ಷವಾಗಿತ್ತು.

ಸರಿ, ಆಧಾರ್ ಕೇಂದ್ರ. ಬಾಗಲಕೋಟೆಯ ನವನಗರದಲ್ಲಿ ನನ್ನ ಮನೆ ಇರುವುದರಿಂದ ಚಿಗವ್ವನನ್ನು ಅಲ್ಲಿಗೇ ಕರೆದುಕೊಂಡು ಬಂದೆ. ಬೆಳಿಗ್ಗೆಯೇ ಹೋಗಿ ಸಾಲು ಹಿಡಿದೆವು. ನಂಬರ್ ಬದಲಾಯಿಸಲು ಆಗ 50 ರೂಪಾಯಿ. ರೊಕ್ಕದ್ದೇನೂ ಚಿಂತೆ ಇರಲಿಲ್ಲ. ಆದರೆ ಹೆಬ್ಬೆಟ್ಟು? ವರ್ಷಗಟ್ಟಲೆ ನೂಲು ಹಿಡಿದ ಬೆರಳು, ಗೆರೆಗಳೇ ಸವೆದುಹೋಗಿವೆ. ಮಷಿನ್ ಮೇಲೆ ಒತ್ತಿದ್ದೇ ಒತ್ತಿದ್ದು. ಒರೆಸಿ ಒತ್ತಿದರು, ನೀರು ಹಚ್ಚಿ ಒತ್ತಿದರು, ಬೇರೆ ಬೆರಳು ಇಟ್ಟರು. ಹಿಂದೆ ನಿಂತವರು ಗೊಣಗಲು ಶುರು ಮಾಡಿದರು. ಚಿಗವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ತಾವೇ ಏನೋ ತಪ್ಪು ಮಾಡಿದ ಹಾಗೆ. ನನಗೆ ಅದನ್ನು ಸಹಿಸಲು ಆಗಲಿಲ್ಲ. ಜೀವನವಿಡೀ ದುಡಿದದ್ದಕ್ಕೆ ಬೆರಳು ಸವೆದರೆ, ನೀನು ನೀನೇ ಹೌದೋ ಅಲ್ಲವೋ ಎಂದು ಮಷಿನ್ ಕೇಳುತ್ತದೆ! ಕೊನೆಗೆ ಅಲ್ಲಿದ್ದ ಹುಡುಗ ಕಣ್ಣಿನ ಸ್ಕ್ಯಾನ್ ತೆಗೆದುಕೊಂಡ. ಒಂದೇ ಸಲಕ್ಕೆ ಆಯಿತು. ಮೊದಲೇ ಅದನ್ನು ಮಾಡಬಹುದಿತ್ತಲ್ಲ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವನ ಮುಂದೆ ಇನ್ನೂ ಅರ್ಧ ಊರು ನಿಂತಿತ್ತು.

ಕೆಲವು ದಿನ ಬಿಟ್ಟು ನಂಬರ್ ಬದಲಾದ ಮೆಸೇಜ್ ಬಂತು. ಆ್ಯಪ್ ತೆರೆದು ನೋಡಿದರೆ ಚಿಗವ್ವ ಹೆಸರೇ ಕೇಳಿರದ ಒಂದು ಬ್ಯಾಂಕು.

"ನಾ ಯಾವತ್ತ ಅಲ್ಲಿ ಹೋಗೇನಿ?" ಎಂದು ಅವರು ವಾದಕ್ಕೇ ಇಳಿದರು. ಸೊಸೆ ಒಳಗಿನಿಂದ ಬಂದು ನೆನಪು ಮಾಡಿದಳು. ಬೇಸಿಗೆಯಲ್ಲಿ ಒಬ್ಬ ಏಜೆಂಟ್ ಓಣಿಗೆ ಬಂದಿದ್ದ. ಸಂಘದ ಹೆಂಗಸರನ್ನೆಲ್ಲ ಗುಡಿಯ ಕಟ್ಟೆಯ ಮೇಲೆ ಕೂರಿಸಿ, ರೊಕ್ಕ ಇಡಬೇಕಾಗಿಲ್ಲದ ಖಾತೆ, ಇನ್ಶೂರೆನ್ಸ್ ಕೂಡ ಬರುತ್ತದೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಅವತ್ತು ಮಾತ್ರ ಚಿಗವ್ವನ ಬೆರಳು ಸರಿಯಾಗಿ ಹತ್ತಿತ್ತು! ಪಾಸ್‌ಬುಕ್ ಆಮೇಲೆ ಕೊಡುತ್ತೇನೆ ಎಂದವನು ಮತ್ತೆ ಬಂದಿರಲಿಲ್ಲ. ಸರ್ಕಾರದ ರೊಕ್ಕ ಇನ್ನು ಮುಂದೆ ಈ ಖಾತೆಗೇ ಬರಲಿ ಎನ್ನುವ ಒಪ್ಪಿಗೆಯೂ ಅದೇ ಹೆಬ್ಬೆಟ್ಟಿನಲ್ಲಿ ಹೋಗಿತ್ತು. ಅದನ್ನು ಆತ ಬಾಯಿಬಿಟ್ಟು ಹೇಳಿದ್ದನೇ? ಆ ಕಟ್ಟೆಯ ಮೇಲೆ ಕೂತಿದ್ದ ಒಬ್ಬರಿಗೂ ನೆನಪಿಲ್ಲ. ಇದನ್ನು ಮೋಸ ಎನ್ನುವಂತಿಲ್ಲ, ರೊಕ್ಕ ಯಾರೂ ತಿಂದಿಲ್ಲ. ಆದರೆ ಓದಲು ಬಾರದವರಿಂದ ಹೀಗೆ ಒಪ್ಪಿಗೆ ತೆಗೆದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಆಮೇಲಿನ ಕೆಲಸ ಸಲೀಸಾಯಿತು. ಆ ಬ್ಯಾಂಕಿನ ಶಾಖೆಗೆ ಆಧಾರ್ ಕಾರ್ಡ್ ಹಿಡಿದು ಹೋದೆವು. ಖಾತೆ ಇತ್ತು, ಅನ್ನಭಾಗ್ಯ ಮತ್ತು ಗೃಹಲಕ್ಷ್ಮಿ ಎರಡರದೂ ರೊಕ್ಕ ಹಾಗೇ ಇತ್ತು. ಅಲ್ಲಿಯ ಮೇಡಂ ವಿತ್‌ಡ್ರಾ ಚೀಟಿ ಮೇಲೆ ಹೆಬ್ಬೆಟ್ಟಿನ ಶಾಯಿ ಗುರುತು ಹಾಕಿಸಿಕೊಂಡು, ನನ್ನ ಸಾಕ್ಷಿ ಸಹಿ ತೆಗೆದುಕೊಂಡು ರೊಕ್ಕ ಕೊಟ್ಟರು. ಹಳೆ ಬ್ಯಾಂಕಿಗೆ ವಾಪಸ್ ಬಂದು, ಈ ಸಲ ಲಿಂಕ್ ಎಂದು ಕೇಳದೆ, ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೆ ಮಾಡಿಕೊಡಿ ಎಂದು ಕೇಳಿದೆ. ಅದಕ್ಕೆ ಬೇರೆಯೇ ಫಾರ್ಮ್ ಇತ್ತು. ಮೊದಲ ದಿನ ನಮ್ಮನ್ನು ವಾಪಸ್ ಕಳಿಸಿದವರೇ ಅದನ್ನು ತುಂಬಿಕೊಟ್ಟರು.

ಓಣಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಗುಡಿ ಕಟ್ಟೆಯ ಮೇಲೆ ಅವತ್ತು ಕೂತಿದ್ದ ಇನ್ನೂ ಕೆಲವು ಹೆಂಗಸರ ರೊಕ್ಕವೂ ಅದೇ ಬ್ಯಾಂಕಿನಲ್ಲಿತ್ತು. ಅವರನ್ನೆಲ್ಲ ಚಿಗವ್ವನೇ ಕಂಪ್ಯೂಟರ್ ಸೆಂಟರಿಗೆ ಕರೆದುಕೊಂಡು ಹೋದರಂತೆ.

2025ರ ಫೆಬ್ರವರಿಯಿಂದ ಅನ್ನಭಾಗ್ಯದ ರೊಕ್ಕ ನಿಲ್ಲಿಸಿ ಅದರ ಬದಲು ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ಚಿಗವ್ವನಿಗೆ ಖುಷಿ, ಚೀಲ ಕಣ್ಣಿಗೆ ಕಾಣುತ್ತದೆ ಎಂದು. ಕಾಕಾಗೆ ಸಿಟ್ಟು, ಜೋಳ ಕೊಳ್ಳುವ ರೊಕ್ಕ ಹೋಯಿತು ಎಂದು. ಗೃಹಲಕ್ಷ್ಮಿ ಹಳೆ ಖಾತೆಗೇ ಬರುತ್ತಿದೆ. ಆ ಹೊಸ ಖಾತೆ ಮುಚ್ಚಿಸುವುದೊಂದು ಬಾಕಿ ಇದೆ, ಅದಕ್ಕೆ ಪಾಸ್‌ಬುಕ್ ತನ್ನಿ ಎನ್ನುತ್ತಿದ್ದಾರೆ.