ಖಾಲಿ ಬಿಟ್ಟ ಒಂದು ಕಾಲಂ

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ. ಡೊಳ್ಳಿನ ಪದ, ಭಜನೆ, ತತ್ವಪದ ಜಾಸ್ತಿ. ರೆಕಾರ್ಡ್ ಮಾಡೋದೂ ನಾನೇ, ಆನ್‌ಲೈನ್‌ಗೆ ಕಳಿಸೋದೂ ನಾನೇ.

ಹೋದ ವರ್ಷ ಹಾಡು ವಿತರಿಸುವ ಕಂಪನಿ ಬದಲಿಸಿದೆವು. ಹಳೆಯ ಹಾಡುಗಳನ್ನು ಹೊಸಬರ ಫಾರ್ಮಿಗೆ ತುಂಬುವಾಗ ‘ಐಎಸ್‌ಆರ್‌ಸಿ’ (ಒಂದೊಂದು ಧ್ವನಿಮುದ್ರಣಕ್ಕೂ ಇರುವ ಗುರುತಿನ ಕೋಡ್) ಕಾಲಂ ಖಾಲಿ ಬಿಟ್ಟೆ. ಕಡ್ಡಾಯ ಅಂತ ಇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೀಳಗಿ ಕಡೆಯ ಡೊಳ್ಳಿನ ಮೇಳದ ಹಿರಿಯರೊಬ್ಬರು ಮೊಬೈಲ್ ಹಿಡಿದು ಬಂದರು.

“ತಮ್ಮಾ, ನಮ್ಮ ಪದಾ ಲಕ್ಷದ ಮ್ಯಾಲ ಕೇಳಿದ್ರಲ್ಲಾ ಮಂದಿ. ಈಗ ಮುನ್ನೂರ ತೋರಸ್ತೈತಿ. ಉಳದದ್ದ ಎಲ್ಲಿ ಹೋತು?”

ಕಾಲಂ ಖಾಲಿ ಇದ್ದದ್ದಕ್ಕೆ ಹೊಸ ಕಂಪನಿ ಹೊಸ ಕೋಡ್ ಕೊಟ್ಟುಬಿಟ್ಟಿತ್ತು. ಕೋಡ್ ಬೇರೆಯಾದರೆ ಲೆಕ್ಕವೂ ಬೇರೆ. ನನ್ನ ಕೈಯಿಂದಾದ ತಪ್ಪು, ಪೆಟ್ಟು ಬಿದ್ದದ್ದು ಅವರಿಗೆ.

ಈ ಕೋಡ್‌ನಲ್ಲಿ 12 ಅಕ್ಷರ-ಅಂಕಿ. ಮೊದಲ ಐದು ಕೋಡ್ ಕೊಟ್ಟವರ ಗುರುತು, ಆಮೇಲಿನ ಎರಡು ಕೋಡ್ ಕೊಟ್ಟ ವರ್ಷದ್ದು (ಹಾಡಿದ ವರ್ಷದ್ದಲ್ಲ), ಕೊನೆಯ ಐದು ಕ್ರಮಸಂಖ್ಯೆ. ಭಾರತಕ್ಕೆ ‘ಐಎನ್’ ಅಂತ ಶುರು. ನಿಮ್ಮದು ‘ಕ್ಯೂಝಡ್’ ಅಂತಿದ್ದರೆ ಗಾಬರಿಯಾಗಬೇಡಿ. ಅದು ಅಮೆರಿಕದ ಪಾಲಿಗೆ ಬಂದ ಅಕ್ಷರ, ಹಾಡಿನ ಊರಿಗೂ ಅದಕ್ಕೂ ಸಂಬಂಧವಿಲ್ಲ.

ನಾನು ತಿಳಿಯದೆ ಹೋದದ್ದು ಇಷ್ಟೇ: ಕೋಡ್ ಇರೋದು ಧ್ವನಿಮುದ್ರಣಕ್ಕೆ. ಕಂಪನಿ ಬದಲಾಗಲಿ, ಹಕ್ಕು ಮಾರಲಿ, ಬೇರೆ ಆಲ್ಬಂಗೆ ಸೇರಿಸಲಿ, ಅದೇ ಮುದ್ರಣಕ್ಕೆ ಅದೇ ಕೋಡ್. ಆದರೆ ಅದೇ ಪದವನ್ನು ಮತ್ತೆ ಹಾಡಿಸಿದರೆ, ಡಿಜೆ ರೀಮಿಕ್ಸ್ ಮಾಡಿದರೆ, ಜಾತ್ರೆಯಲ್ಲಿ ಹಾಡಿದ್ದನ್ನು ಹಾಕಿದರೆ, ಒಂದೊಂದಕ್ಕೂ ಹೊಸದು ಬೇಕು. ಪದ ಮತ್ತು ರಾಗಸಂಯೋಜನೆಗೆ ಐಎಸ್‌ಡಬ್ಲ್ಯೂಸಿ ಅನ್ನೋ ಬೇರೆ ಸಂಖ್ಯೆಯೇ ಇದೆ.

ಹಳೆಯ ಕಂಪನಿಯ ಖಾತೆ ತೆಗೆದು ನೋಡಿದರೆ ಪುಣ್ಯಕ್ಕೆ ಕೋಡ್ ಅಲ್ಲೇ ಇತ್ತು. ಹೊಸದನ್ನು ತೆಗೆಸಿ, ಹಳೆಯ ಕೋಡ್ ಹಾಕಿ, ಅದೇ ಹೆಸರು, ಅದೇ ಫೈಲ್ ಮತ್ತೆ ಕಳಿಸಿದೆ. ಎರಡು ವಾರಕ್ಕೆ ಲೆಕ್ಕ ತಿರುಗಿ ಬಂತು.

ಈಗ ಮಿಕ್ಸಿಂಗ್ ಮುಗಿದ ದಿನವೇ ಹಾಡಿನ ಹೆಸರು, ಅವಧಿ, ಹಾಡಿದವರು, ಕೋಡ್ ಎಲ್ಲ ರಿಜಿಸ್ಟರಿಗೆ ಬರೀತೀನಿ. ಮೇಳದವರಿಗೂ ಒಂದು ಪ್ರತಿ. ಆ ಹಿರಿಯರು ಚೀಟಿ ಬೇಡ ಅಂದರು. ತಮ್ಮ ಪದದ ವಹಿಯ ಕೊನೆಯ ಹಾಳೆ ತೆಗೆದು ಮುಂದಿಟ್ಟರು. ಒಂದೊಂದೇ ಅಕ್ಷರ ಬರೆದೆ, ‘ಓ’ ಅಂತ ತಪ್ಪು ಓದಬಾರದೆಂದು ಸೊನ್ನೆಗಳಿಗೆಲ್ಲ ಅಡ್ಡಗೆರೆ ಎಳೆದು ಕೊಟ್ಟೆ.