ಆಕಾಶಕ್ಕೆ ಜ್ವರ ನೋಡಿದ್ದು: ಹಾಸನ, ಆಲ್ದೂರು, ಮುಳ್ಳಯ್ಯನಗಿರಿ

ಸಂಕ್ರಾಂತಿ ಕಳೆದು ಮೂರನೇ ದಿನ ಬೆಂಗಳೂರು ಬಿಟ್ಟೆವು. ನಾನು, ಹೆಂಡತಿ, ಪಿಯುಸಿ ಓದುವ ಮಗಳು, ಮತ್ತೆ ಒಂದು ಥರ್ಮಾಮೀಟರ್ ಗನ್. ಹಣೆಗೆ ಹಿಡಿಯುವ ಗನ್ ಅಲ್ಲ. ಬಾಣಲೆಯ ಎಣ್ಣೆ, ಇಂಜಿನ್ನು, ಇಂಥವುಗಳ ಬಿಸಿ ನೋಡಲು ಸಿಗುತ್ತದಲ್ಲ, ಮೈನಸ್ 50ರಿಂದ 400 ಡಿಗ್ರಿವರೆಗೆ ತೋರಿಸುವುದು, ಅದು. ಮುಟ್ಟಬೇಕಾಗಿಲ್ಲ, ಗುರಿಯಿಟ್ಟು ಒತ್ತಿದರೆ ಸಾಕು. ಎಡೆಯೂರಿನ ಹತ್ತಿರ ತಿಂಡಿಗೆ ನಿಂತಾಗ ಮಗಳು ಇಡ್ಲಿಗೆ ಹಿಡಿದಳು, 58. ಕಾಫಿಗೆ ಹಿಡಿದಳು, 69. ಪಕ್ಕದ ಟೇಬಲಿನವರು ನಮ್ಮನ್ನು ಆಹಾರ ಇಲಾಖೆಯವರು ಅಂದುಕೊಂಡರೋ ಏನೋ, ಹೆಂಡತಿ ಮಾತ್ರ ನಮಗೂ ಅವಳಿಗೂ ಸಂಬಂಧವೇ ಇಲ್ಲದ ಹಾಗೆ ರಸ್ತೆ ನೋಡುತ್ತಾ ಕೂತಿದ್ದಳು.

ಹಾಸನದಲ್ಲಿ ಬೇಲೂರು ದಾರಿ ಹಿಡಿಯುವ ಮೊದಲು ಸಾಲಗಾಮೆ ರಸ್ತೆ ಕಡೆ ಒಂದು ಸುತ್ತು ಹೋದೆವು. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರುವುದು ಅಲ್ಲಿ, 1982ರಿಂದ. ಸುಮಾರು 36,000 ಕಿಲೋಮೀಟರ್ ಮೇಲೆ ನಿಂತಿರುವ ನಮ್ಮ ಉಪಗ್ರಹಗಳ ಲಗಾಮು ಇರುವುದು ಇಲ್ಲೇ. ಒಳಗೆ ಸುಮ್ನೆ ಹೋಗಿ ನೋಡುವ ಜಾಗ ಅಲ್ಲ ಬಿಡಿ. ನನಗೆ ಬೇಕಾಗಿದ್ದು ಆಕಾಶಕ್ಕೆ ಬಾಯಿ ತೆರೆದು ಕೂತ ಆ ದೊಡ್ಡ ಬಟ್ಟಲುಗಳನ್ನು ಮಗಳಿಗೆ ತೋರಿಸುವುದು. ಉಪಗ್ರಹದ ಮಾತು ಕೇಳಿಸಿಕೊಳ್ಳಲು ಕೂತ ಯಾವ ಬಟ್ಟಲಿಗೂ ಅದರ ಹಿಂದಿನಿಂದ ಇನ್ನೊಂದು ಸಣ್ಣ ಸದ್ದು ಬಂದೇ ಬರುತ್ತದೆ, ಅದನ್ನು ಯಾರೂ ಕಳಿಸಿದ್ದಲ್ಲ, ನಿಲ್ಲಿಸುವುದಕ್ಕೂ ಆಗಲ್ಲ. ವಿಶ್ವ ಹುಟ್ಟಿದ ಕಾಲದ ಬಿಸಿಯ ಶೇಷ ಅದು, ಕಾಸ್ಮಿಕ್ ಹಿನ್ನೆಲೆ ವಿಕಿರಣ ಅನ್ನುತ್ತಾರೆ. ಹಳೆ ಟೀವಿಯಲ್ಲಿ ಚಾನೆಲ್ ಸಿಗದಿದ್ದಾಗ ಇರುವೆ ಗೂಡು ಕೆದಕಿದ ಹಾಗೆ ಚುಕ್ಕಿ ಓಡಾಡುತ್ತಿದ್ದವಲ್ಲ, ಅದರಲ್ಲೂ ನೂರಕ್ಕೆ ಒಂದು ಪಾಲಿನಷ್ಟು ಇದರದ್ದೇ ಇತ್ತಂತೆ. ಮಗಳು ಆ ಚುಕ್ಕಿ ನೋಡೇ ಇಲ್ಲ. ನಾನು ಮುದುಕನಾದೆ ಅಂತ ಗೊತ್ತಾಗಿದ್ದು ಅಲ್ಲಿ.

ಬೇಲೂರು 1117ರ ದೇವಸ್ಥಾನ, ಅದರ ಬಗ್ಗೆ ನನಗಿಂತ ಗೊತ್ತಿರುವವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಕೊಡುಗೆ ಇಷ್ಟೇ: ಮಧ್ಯಾಹ್ನ ಒಂದೂವರೆಗೆ ಪ್ರಾಂಗಣದ ಕಲ್ಲು 43 ಡಿಗ್ರಿ, ಕಂಬದ ನೆರಳಿನಲ್ಲಿ 25. ಬರಿಗಾಲಲ್ಲಿ ಕುಣಿದುಕೊಂಡು ಹೋದವರಿಗೆ ಗನ್ ಬೇಕಾಗಿಲ್ಲ.

ಸಂಜೆ ಹೊತ್ತಿಗೆ ಆಲ್ದೂರು ಕಡೆ ಚಿಕ್ಕಪ್ಪನ ತೋಟದ ಮನೆ. ಅರೇಬಿಕಾ ಕುಯ್ಲು ಮುಗಿಯುವ ಹಂತದಲ್ಲಿತ್ತು, ಕಣದ ತುಂಬಾ ಕಾಫಿ ಹರಡಿತ್ತು. ಕತ್ತಲಾಗುವ ಮೊದಲು ಅದನ್ನೆಲ್ಲ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿದರು. ಅಮಾವಾಸ್ಯೆ ಹತ್ತಿರ, ಮೋಡ ಇಲ್ಲ, ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಇಷ್ಟೊಂದು ನಕ್ಷತ್ರ. ಊಟಕ್ಕೆ ಕಡುಬು, ಕೋಳಿ ಸಾರು. ಊಟ ಆದಮೇಲೆ ಅಂಗಳಕ್ಕೆ ಬಂದು ಗನ್ ಹಿಡಿದೆ. ಅಂಗಳ 12. ಜೀಪಿನ ಬಾನೆಟ್ 9. ನಾಯಿಯ ಮೂಗು ಹಿಡಿಯಲು ಬಿಡಲಿಲ್ಲ. ನೆತ್ತಿ ಮೇಲಿನ ಆಕಾಶಕ್ಕೆ ಹಿಡಿದರೆ ಮೈನಸ್ 19!

"ಎಂತ ಮಾರಾಯ, ಆಕಾಶಕ್ಕೆ ಜ್ವರ ನೋಡ್ತಿದ್ದೀಯಾ?" ಅಂದರು ಚಿಕ್ಕಪ್ಪ. ಮಫ್ಲರ್ ಒಳಗಿಂದ ಬಂದ ಮಾತು.

ಆಮೇಲೆ ಮೈನಸ್ 19 ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮೋಡ ಇದ್ದ ರಾತ್ರಿ ಚಳಿ ಕಮ್ಮಿ, ಆಕಾಶ ತೆರೆದಿದ್ರೆ ಇಬ್ಬನಿ ಜಾಸ್ತಿ. ಟಾರ್ಪಾಲ್ ಮತ್ತೆ ಯಾಕೆ ಹಾಕೋದು?" ವಿಷಯ ಅದೇ. ನೆಲ, ಎಲೆ, ಕಣದ ಕಾಫಿ, ಎಲ್ಲವೂ ರಾತ್ರಿಯಿಡೀ ತಮ್ಮ ಬಿಸಿಯನ್ನು ಮೇಲಕ್ಕೆ ಬಿಡುತ್ತಾ ಇರುತ್ತವೆ. ಮೋಡ ಇದ್ದರೆ ಅದು ಕಂಬಳಿ ಥರ ಒಂದಷ್ಟು ವಾಪಸ್ ಕೊಡುತ್ತದೆ. ಇಲ್ಲದಿದ್ದರೆ ಕೊಟ್ಟಿದ್ದೆಲ್ಲ ಹೋಯಿತು, ಎಲೆ ತಣ್ಣಗಾಗಿ ಅದರ ಮೇಲೆ ನೀರು ಕೂರುತ್ತದೆ.

ಆದರೆ ಮಗಳ ಪ್ರಶ್ನೆ ಬೇರೆ. ಪುಸ್ತಕದಲ್ಲಿ ಬಾಹ್ಯಾಕಾಶ ಮೈನಸ್ 270 ಅಂತ ಇದೆ, ಗನ್ ಮೈನಸ್ 19 ಅನ್ನುತ್ತದೆ, ಉಳಿದ 251 ಡಿಗ್ರಿ ಎಲ್ಲಿ?

ಒಂದು, ನಡುವೆ ಗಾಳಿ ಇದೆ. ಅದರಲ್ಲಿನ ನೀರಾವಿ, ಕಾರ್ಬನ್ ಡೈಆಕ್ಸೈಡ್ ತಾವೂ ಸ್ವಲ್ಪ ಬಿಸಿ ಬೀರುತ್ತವೆ, ಗನ್ ಜಾಸ್ತಿ ನೋಡಿದ್ದು ಅದನ್ನೇ. ಎರಡು, ಈ ಗನ್ನಿಗೆ ಕಾಣುವ ಅಲೆಯ ಉದ್ದ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು. ಮೈನಸ್ 270ರ ವಸ್ತು ಬೀರುವ ಬೆಳಕು ಅಷ್ಟು ಗಿಡ್ಡ ಅಲ್ಲ, ಅದರ ಜೋರು ಇರುವುದು ಒಂದು ಮಿಲಿಮೀಟರ್ ಸುತ್ತಮುತ್ತ. ಅಂದರೆ ರೇಡಿಯೋ ಕಡೆಯವರ ಕೆಲಸ. ರೇಡಿಯೋದವರು ಗದ್ದಲವನ್ನೂ ಡಿಗ್ರಿಯಲ್ಲೇ ಅಳೆಯುತ್ತಾರೆ, ಯಾಕೆಂದರೆ ಬಿಸಿ ಇರುವ ಯಾವ ವಸ್ತುವಾದರೂ ಆ ಬಿಸಿಗೆ ತಕ್ಕ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ.

ಚಿಕ್ಕಪ್ಪ ಆಕಳಿಸಿದರು. ಅವರಿಗೆ ಅಲೆ ಗಿಲೆ ಬೇಡ, ಲೆಕ್ಕ ಬೇಕು. ಸಂಜೆಯಿಂದ ರೈಟರ್ ಜೊತೆ ಕೂತು ಹಣ್ಣು ಕುಯ್ದ ಕೆಜಿ ಲೆಕ್ಕ ನೋಡಿ, ಎಲ್ಲೋ ಒಂದಿಷ್ಟು ತಾಳೆಯಾಗದೆ ತಲೆ ಕೆಡಿಸಿಕೊಂಡಿದ್ದರು. ನಾನು ಅಲ್ಲಿಂದಲೇ ಶುರು ಮಾಡಿದೆ.

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಹೋಮ್‌ಡೆಲ್ ಅನ್ನುವ ಜಾಗದಲ್ಲಿ, ಬೆಲ್ ಲ್ಯಾಬ್ಸ್‌ನ ಇಬ್ಬರಿಗೆ ಇದೇ ಕಷ್ಟ ಬಂತು. ಆರ್ನೋ ಪೆಂಜಿಯಾಸ್, ರಾಬರ್ಟ್ ವಿಲ್ಸನ್. ಅವರ ಕೈಯಲ್ಲಿ 20 ಅಡಿ ಬಾಯಿಯ ಕಹಳೆಯಂಥ ಆಂಟೆನಾ ಇತ್ತು, ಮೊದಲು ಎಕೋ ಅನ್ನುವ ಬಲೂನ್ ಉಪಗ್ರಹದ ಕೆಲಸಕ್ಕೆ ಕಟ್ಟಿದ್ದು. ನೆತ್ತಿಗೆ ತಿರುಗಿಸಿ ಅಳೆದರೆ ಒಟ್ಟು 6.7 ಕೆಲ್ವಿನ್ ಬಿಸಿ. ಕೆಲ್ವಿನ್ ಅಂದರೆ ಮೈನಸ್ 273ರಿಂದ ಮೇಲೆ ಎಣಿಸುವ ಡಿಗ್ರಿ. ಈಗ ಖರ್ಚು ಬರೆಯಿರಿ. ಗಾಳಿಯದ್ದು 2.3. ಆಂಟೆನಾದ ಸ್ವಂತ ಲೋಹದ್ದು 0.8. ಹಿಂದಿನಿಂದ ನುಸುಳುವ ನೆಲದ ಬಿಸಿ ಹೆಚ್ಚೆಂದರೆ 0.1. ಕಳೆದರೆ ಉಳಿದಿದ್ದು 3.5. ಅದಕ್ಕೆ ಹೆಸರೇ ಇಲ್ಲ.

"ತಕ್ಕಡಿ ತಪ್ಪಿರಬೇಕು," ಅಂದರು ಚಿಕ್ಕಪ್ಪ.

ಅವರಿಗೂ ಅದೇ ಅನುಮಾನ. ಅದಕ್ಕೆ ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟ, ಬಿಸಿ ಎಷ್ಟೆಂದು ಮೊದಲೇ ಗೊತ್ತಿರುವ ಒಂದು ವಸ್ತುವಿನ ಜೊತೆ ಹೋಲಿಸಿ ನೋಡುತ್ತಿದ್ದರು, ತಕ್ಕಡಿ ಸರಿಯಿದೆಯಾ ಅಂತ ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುವ ಹಾಗೆ. ತಕ್ಕಡಿ ಸರಿ ಇತ್ತು. ಕಹಳೆಯೊಳಗೆ ಪಾರಿವಾಳ ಗೂಡು ಕಟ್ಟಿದ್ದವು, ಓಡಿಸಿ, ಹಿಕ್ಕೆ ಎಲ್ಲಾ ಬಳಿದು ತೊಳೆದರು. ಆದರೂ 3.5. ಹಗಲು ರಾತ್ರಿ ಅಷ್ಟೇ, ಬೇಸಿಗೆ ಚಳಿಗಾಲ ಅಷ್ಟೇ, ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಕೊನೆಗೆ ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ಡಿಕೆ ಮತ್ತವರ ಹುಡುಗರು ವಿಶ್ವದ ಹಳೆ ಬಿಸಿಯ ಈ ಶೇಷವನ್ನೇ ಹುಡುಕಲು ಉಪಕರಣ ಕಟ್ಟುತ್ತಿದ್ದಾರೆ ಅಂತ ಗೊತ್ತಾಯಿತು. ಹುಡುಕುತ್ತಿದ್ದವರಿಗೆ ಸಿಗಲಿಲ್ಲ, ಕಸ ಗುಡಿಸುತ್ತಿದ್ದವರಿಗೆ ಸಿಕ್ಕಿತು. 1965ರಲ್ಲಿ ಪ್ರಕಟ, 1978ರಲ್ಲಿ ನೊಬೆಲ್.

ನನಗೆ ಬೇಜಾರಾಗುವುದು ಇನ್ನಿಬ್ಬರ ವಿಷಯಕ್ಕೆ. ರಾಲ್ಫ್ ಆಲ್ಫರ್, ರಾಬರ್ಟ್ ಹರ್ಮನ್. ವಿಶ್ವ ಒಂದು ಕಾಲದಲ್ಲಿ ಕೆಂಡದಂತೆ ಕುದಿಯುತ್ತಿದ್ದರೆ ಇವತ್ತಿಗೆ ಅದರ ಶೇಷ ಸುಮಾರು 5 ಕೆಲ್ವಿನ್ ಇರಬೇಕು ಅಂತ ಇವರು 1948ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. 16 ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಹುಮಾನದ ಹೊತ್ತಿಗೂ ಇವರ ನೆನಪಾಗಲಿಲ್ಲ.

ಈಗ ಆ ಅಂಕಿ 2.725 ಕೆಲ್ವಿನ್. ನಮ್ಮ ಲೆಕ್ಕದಲ್ಲಿ ಮೈನಸ್ 270.4. ಇದನ್ನು ಚೆನ್ನಾಗಿ ಅಳೆದಿದ್ದು 1989ರ ನವೆಂಬರಿನಲ್ಲಿ ಹಾರಿದ ಕೋಬ್ ಉಪಗ್ರಹ, ಗಾಳಿಯ ಖರ್ಚನ್ನು ಕಳೆಯುವ ತಂಟೆಯೇ ಇಲ್ಲದ ಎತ್ತರದಿಂದ. ನೆತ್ತಿಯಲ್ಲಿ ಒಂದು, ಪಶ್ಚಿಮದಲ್ಲಿ ಇನ್ನೊಂದು ಅಂತ ಇಲ್ಲ, ಎಲ್ಲ ಕಡೆ ಒಂದೇ ಸಮ. ವ್ಯತ್ಯಾಸ ಇರುವುದು ಲಕ್ಷದಲ್ಲಿ ಒಂದು ಪಾಲಿನಷ್ಟು, ಆ ಒಂದು ಪಾಲಿನ ಏರುಪೇರೇ ಮುಂದೆ ಗ್ಯಾಲಕ್ಸಿಗಳಾಯಿತು, ನಾವಾದೆವು. ಇದಕ್ಕೆ ಜಾನ್ ಮ್ಯಾಥರ್, ಜಾರ್ಜ್ ಸ್ಮೂಟ್ ಅವರಿಗೆ 2006ರ ನೊಬೆಲ್. ಸಣ್ಣ ಕಾಫಿ ಹಣ್ಣಿನಷ್ಟು ಜಾಗದಲ್ಲಿ, ಒಂದು ಘನ ಸೆಂಟಿಮೀಟರ್ ಅಂದುಕೊಳ್ಳಿ, ಈ ಹಳೆ ಬೆಳಕಿನ 400ಕ್ಕೂ ಹೆಚ್ಚು ಕಣಗಳು ಯಾವಾಗಲೂ ಇರುತ್ತವೆ. ಟಾರ್ಪಾಲ್ ಕೆಳಗಿನ ಗುಡ್ಡೆಯಲ್ಲೂ ಇರುತ್ತವಾ ಅಂತ ಮಗಳು ಕೇಳಿದಳು. ನಾನು ಕೇಳಿಸದವನ ಹಾಗೆ ಪೂರ್ವಕ್ಕೆ ತಿರುಗಿದೆ.

ಹನ್ನೊಂದರ ಹೊತ್ತಿಗೆ ಅಲ್ಲಿ ಸಿಂಹ ರಾಶಿ ಮೇಲೆ ಬಂದಿತ್ತು. ಎಲ್ಲ ಕಡೆ ಒಂದೇ ಸಮ ಅಂದೆನಲ್ಲ, ಅದರಲ್ಲಿ ಒಂದು ತಿದ್ದುಪಡಿ ಇದೆ. ಆ ಕಡೆ ಆಕಾಶ ಒಂದು ಡಿಗ್ರಿಯ ಸಾವಿರದಲ್ಲಿ ಮೂರು ಪಾಲಿನಷ್ಟು ಹೆಚ್ಚು ಬೆಚ್ಚಗಿದೆ, ಎದುರು ದಿಕ್ಕು ಅಷ್ಟೇ ತಣ್ಣಗೆ. ಯಾಕೆಂದರೆ ಸೂರ್ಯ, ಭೂಮಿ, ಈ ಅಂಗಳ, ನಾಯಿ ಎಲ್ಲ ಸೇರಿ ಆ ದಿಕ್ಕಿಗೆ ಸೆಕೆಂಡಿಗೆ 370 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೇವೆ, ಎದುರಿನಿಂದ ಬರುವ ಬೆಳಕು ಸ್ವಲ್ಪ ಒತ್ತಿದ ಹಾಗಾಗಿ ಬಿಸಿ ಕಾಣುತ್ತದೆ. 370 ಅಂದರೆ ಬೆಂಗಳೂರಿಂದ ಹಾಸನಕ್ಕೆ ಹೋಗಿ ವಾಪಸ್ ಬಂದಷ್ಟು ದೂರ, ಒಂದು ಸೆಕೆಂಡಿನಲ್ಲಿ. ನಮಗೆ ಬೆಳಿಗ್ಗೆ ಬರಿ ಹೋಗಲಿಕ್ಕೇ ನಾಲ್ಕು ಗಂಟೆ ಹಿಡಿದಿತ್ತು.

"ನಮ್ಮವರು ಯಾರೂ ಇದನ್ನ ಅಳೆಯಲ್ವಾ ಅಪ್ಪ?" ಅಂದಳು. ಅಳೆಯುತ್ತಾರೆ, ಅದೂ ಪಕ್ಕದ ಜಿಲ್ಲೆಯಲ್ಲಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಅನ್ನುವ ಆಂಟೆನಾವನ್ನು 2020ರಲ್ಲಿ ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದ ಮೇಲಾದರೆ ಕೆಳಗೆ ಒಂದು ಕಡೆ ಮಣ್ಣು, ಒಂದು ಕಡೆ ಬಂಡೆ, ಅದರ ಗಲಾಟೆ ಸೇರಿಕೊಳ್ಳುತ್ತದೆ. ನೀರು ಎಲ್ಲ ಕಡೆ ಒಂದೇ. ಮೊದಲ ನಕ್ಷತ್ರಗಳು ಹುಟ್ಟಿದಾಗ ಈ ಹಿನ್ನೆಲೆ ಬೆಳಕಿನ ಮೇಲೆ ಬಿದ್ದಿರಬಹುದಾದ ಒಂದು ಸಣ್ಣ ತಗ್ಗನ್ನು ಅವರು ಹುಡುಕುತ್ತಿದ್ದರು. ಅಂಥ ತಗ್ಗು ಕಂಡಿದೆ ಅಂತ ಆಸ್ಟ್ರೇಲಿಯಾದಲ್ಲಿ ಅಳೆದವರು 2018ರಲ್ಲಿ ಹೇಳಿದ್ದರು, ನಮ್ಮ ತೆಪ್ಪದವರು 2022ರಲ್ಲಿ ಇಲ್ಲ, ನಮಗೆ ಕಾಣಲಿಲ್ಲ ಅಂದರು. ನನಗೆ ಈ "ಕಾಣಲಿಲ್ಲ" ಅನ್ನುವವರ ಮೇಲೆ ಗೌರವ ಜಾಸ್ತಿ.

ಬೆಳಿಗ್ಗೆ ಆರಕ್ಕೆ ಬಚ್ಚಲು ಮನೆಗೆ ಹೋದೆ. ರಾತ್ರಿ ಉರಿ ಹಾಕಿದ್ದ ಒಲೆ ಆರಿತ್ತು, ಬೂದಿ ಅಷ್ಟೇ. ಹಂಡೆಗೆ ಗನ್ ಹಿಡಿಯಲು ಹೋದೆ, ಹೊಳೆಯುವ ತಾಮ್ರಕ್ಕೆ ಅದು ಸರಿಯಾಗಿ ತೋರಿಸಲ್ಲ, ನೀರಿಗೇ ಹಿಡಿದೆ. 37.

"ಒಂಬತ್ತೂವರೆಗೆ ಸೌದೆ ಎಳೆದಿದ್ದು, ಈ ಚಳಿಗೆ ಇಷ್ಟು ಇರ್ಬೇಕು," ಅಂದರು ಚಿಕ್ಕಮ್ಮ, ಗನ್ ನೋಡದೆಯೇ, ಕೈ ಅದ್ದಿ. ಆಲ್ಫರ್, ಹರ್ಮನ್ ಮಾಡಿದ್ದೂ ಬಹುತೇಕ ಇದೇ ಲೆಕ್ಕ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಿಸಬೇಕು. ಹಂಡೆಯ ಬಿಸಿ ಹೊರಗೆ ಹೋಗಿ ಹಂಡೆ ತಣ್ಣಗಾಯಿತು. ವಿಶ್ವಕ್ಕೆ ಹೊರಗೆ ಅಂತ ಒಂದು ಬಚ್ಚಲು ಮನೆ ಇಲ್ಲ. ಅದು ಹಿಗ್ಗಿತು, ಜೊತೆಗೆ ಅದರೊಳಗಿನ ಬೆಳಕಿನ ಅಲೆಯೂ ಹಿಗ್ಗಿತು, ಸುಮಾರು 1,100 ಪಟ್ಟು. 3,000 ಕೆಲ್ವಿನ್ ಇದ್ದಿದ್ದು 2.7ಕ್ಕೆ ಇಳಿಯಿತು. ಹಾಗಾಗಿ ಮೈನಸ್ 270 ಅಂದಾಗ ಅಬ್ಬಾ ಎಷ್ಟು ಚಳಿ ಅನ್ನುತ್ತಾರಲ್ಲ, ನನಗೆ ಅದು ಚಳಿ ಅನ್ನಿಸುವುದೇ ಇಲ್ಲ. ಪೂರ್ತಿ ಆರಿದ್ದರೆ ಮೈನಸ್ 273 ಇರಬೇಕಿತ್ತು. ಇನ್ನೂ 2.7 ಉಳಿದಿದೆ.

ಎಂಟಕ್ಕೆ ಮುಳ್ಳಯ್ಯನಗಿರಿಗೆ ಹೊರಟೆವು. ಕರ್ನಾಟಕದ ಅತಿ ಎತ್ತರದ ಜಾಗ, 1,930 ಮೀಟರ್. ವಾರದ ನಡುವೆ ಆದ್ದರಿಂದ ವಾಹನದ ಸಾಲು ಅಷ್ಟಿರಲಿಲ್ಲ. ಸೀತಾಳಯ್ಯನಗಿರಿ ದಾಟಿದ ಮೇಲೆ ಮಂಜು ಎಂಥದ್ದು ಅಂದರೆ ನನ್ನ ಬಾನೆಟ್ ನನಗೇ ಕಾಣಲಿಲ್ಲ, ಹೆಡ್‌ಲೈಟ್ ಹಾಕಿದರೆ ಬೆಳಕು ಮುಂದೆ ಹೋಗದೆ ಕಣ್ಣಿಗೇ ವಾಪಸ್ ಬಂತು. ಮೆಟ್ಟಿಲು ಹತ್ತುವಾಗ ಮುಂದಿನವರ ಮಾತು ಕೇಳುತ್ತದೆ, ಮನುಷ್ಯ ಕಾಣಲ್ಲ.

ಅಲ್ಲಿ ಒಂದು ಮೆಟ್ಟಿಲ ಮೇಲೆ ಕೂತು ಮಗಳಿಗೆ ಉಳಿದ ಕಥೆ ಹೇಳಿದೆ. ಹುಟ್ಟಿದ ಮೇಲೆ ಸುಮಾರು 3 ಲಕ್ಷ 80 ಸಾವಿರ ವರ್ಷ ವಿಶ್ವ ಇದರೊಳಗೇ ಇತ್ತು. ನೀರ ಹನಿ ಬದಲು ಬಿಡಿ ಎಲೆಕ್ಟ್ರಾನುಗಳು, ಬೆಳಕು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಒಂದಕ್ಕೆ ಡಿಕ್ಕಿ. 3,000 ಕೆಲ್ವಿನ್ನಿಗೆ ಇಳಿದಾಗ ಎಲೆಕ್ಟ್ರಾನುಗಳು ಹೋಗಿ ಪರಮಾಣುಗಳಲ್ಲಿ ಕೂತವು, ಮಂಜು ಹರಿಯಿತು, ಬೆಳಕು ನೇರ ಹೊರಟಿತು. 1,380 ಕೋಟಿ ವರ್ಷಗಳ ಹತ್ತಿರ ಆಯಿತು, ಇನ್ನೂ ಬರುತ್ತಲೇ ಇದೆ. ಆ ಮಂಜಿನ ಗೋಡೆಯಿಂದಾಚೆ ಯಾವ ದುರ್ಬೀನಿಗೂ ಬೆಳಕಿನಿಂದ ಏನೂ ಕಾಣಲ್ಲ.

"ಅಂದ್ರೆ ನಿನ್ನೆ ಗನ್ ಹಿಡಿದಾಗ ಹಿಂದೆ ಇದ್ದಿದ್ದು ಈ ಥರದ್ದು," ಅಂತ ಕೈಯಿಂದ ಬಿಳಿ ಗಾಳಿ ಸರಿಸಿದಳು.

ಗನ್ ತೆಗೆದು ಮಂಜಿಗೆ ಹಿಡಿದಳು. 11. ಆಕಾಶಕ್ಕೆ ಅಂತ ಹಿಡಿದಳು. 11. ಹಿಂದೆ, ಮುಂದೆ, ಕೆಳಗೆ, ಎಲ್ಲ ಕಡೆ 11, ಒಂದು ಸಲ ಮಾತ್ರ 31, ಅದು ಅವಳಮ್ಮ. ಶಾಲು ಹೊದ್ದು ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದಳು.

"ಇಲ್ಲೂ ಅದನ್ನೇ ಹಿಡ್ಕೊಂಡು ಕೂತಿದ್ದೀರಾ?" ಅಂದಳು. ಮಂಜು ಹರಿಯುವ ಹೊತ್ತಿಗೆ ಹತ್ತೂ ಮುಕ್ಕಾಲಾಯಿತು.